ಸ್ಕ್ಯಾನ್‌ಗೆ ಮುನ್ನ ಥೈರಾಯ್ಡ್ ಮಾತ್ರೆ ನಿಲ್ಲಿಸುವ ವಾರಗಳು: ರೋಗಿಗೆ, ಮನೆಯವರಿಗೆ, ಧರ್ಮಕೇಂದ್ರಕ್ಕೆ ಕೆಲವು ಮಾತು



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಬೇಸಿಗೆ ಎಂಥದ್ದೆಂದು ಅಲ್ಲಿ ಸೇವೆ ಸಲ್ಲಿಸಿ ಬಂದವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂಥ ಒಂದು ಮಧ್ಯಾಹ್ನ ಇಳಕಲ್ಲಿನ ಮನೆಯೊಂದರಲ್ಲಿ ಸೀರೆ ನೇಯುವ ತಾಯಿಯೊಬ್ಬರು ಸ್ವೆಟರ್ ಹಾಕಿ, ಮೇಲೊಂದು ಕೌದಿ ಹೊದ್ದು ಕುಳಿತಿದ್ದಾರೆಂದು ಕಲ್ಪಿಸಿಕೊಳ್ಳಿ. "ಇಷ್ಟ್ ಬಿಸಲಾಗ ಸ್ವೆಟರ್ ಯಾಕ ಹಾಕ್ಕೊಂಡೀರಿ ಅಕ್ಕಾರ?" ಎಂದು ನೆರೆಯವರು ನಗುತ್ತಾರೆ. ಮಗ್ಗ ನಿಂತು ವಾರವಾಗಿದೆ. ಮಾತನಾಡಿಸಿದರೆ ಉತ್ತರ ತಡವಾಗಿ ಬರುತ್ತದೆ. ಮನೆಯವರಿಗೆ ಸಿಟ್ಟು, ಅವರಿಗೆ ಅಳು.

ಈ ತಾಯಿ ಸೋಮಾರಿಯಲ್ಲ, ಅವರ ಮನಸ್ಸು ಕೆಟ್ಟಿಲ್ಲ, ಯಾವ ದೃಷ್ಟಿಯೂ ತಾಗಿಲ್ಲ. ಥೈರಾಯ್ಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮಾಡುವ ಒಂದು ವಿಶೇಷ ಸ್ಕ್ಯಾನ್‌ಗಾಗಿ ವೈದ್ಯರು ಅವರ ದಿನನಿತ್ಯದ ಥೈರಾಯ್ಡ್ ಮಾತ್ರೆಯನ್ನು ಕೆಲವು ವಾರ ನಿಲ್ಲಿಸಿದ್ದಾರೆ, ಅಷ್ಟೇ. ಮಾತ್ರೆ ಮತ್ತೆ ಆರಂಭವಾದ ಮೇಲೆ ಅವರು ಮೊದಲಿನಂತಾಗುತ್ತಾರೆ. ಆದರೆ ಈ ನಡುವಿನ ವಾರಗಳನ್ನು ದಾಟಿಸುವವರು ಬೇಕು.

ಬಾಗಲಕೋಟೆ ಜಿಲ್ಲೆಯ ನಮ್ಮ ಕಥೋಲಿಕ ಬಂಧುಗಳು ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ಆದರೂ ಕರಾವಳಿಯಿಂದ ಹೋಗಿ ಆ ಭಾಗದಲ್ಲಿ ಶಾಲೆ, ದವಾಖಾನೆ, ಸಮಾಜಸೇವೆಯಲ್ಲಿ ತೊಡಗಿರುವ ಧರ್ಮಗುರುಗಳು, ಧರ್ಮಭಗಿನಿಯರು, ಶಿಕ್ಷಕರು, ದಾದಿಯರು ಇದ್ದಾರೆ. ರೋಗಿಗಳ ಮನೆಗೆ ಹೋದಾಗ ಮೊದಲು ಪ್ರಶ್ನೆ ಎದುರಾಗುವುದು ಇವರಿಗೇ. ಕರಾವಳಿಯ ನಮ್ಮ ಮನೆಗಳಲ್ಲಿಯೂ ಇದೇ ಚಿಕಿತ್ಸೆ ಪಡೆಯುವವರಿದ್ದಾರೆ. ಆದ್ದರಿಂದ ಈ ವಿಷಯವನ್ನು ಸರಳವಾಗಿ ತಿಳಿಸಲು ನಾವು ಇಲ್ಲಿ ಪ್ರಯತ್ನಿಸಿದ್ದೇವೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ನೋಡಿಕೊಳ್ಳಬೇಕು ಎಂಬುದಕ್ಕೆ ಇದು ನೆರವಾದರೆ ಸಾಕು.

ಮಾತ್ರೆಯನ್ನು ನಿಲ್ಲಿಸುವುದೇಕೆ?

ಥೈರಾಯ್ಡ್ ಎಂಬುದು ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ನಾವು ತಿನ್ನುವ ಆಹಾರದಲ್ಲಿರುವ ಅಯೋಡಿನ್ ಬಳಸಿಕೊಂಡು ಅದು ಥೈರಾಕ್ಸಿನ್ ಎಂಬ ಹಾರ್ಮೋನು ತಯಾರಿಸುತ್ತದೆ. ದೇಹದ ಶಾಖ, ಹೃದಯದ ಬಡಿತ, ಜೀರ್ಣಶಕ್ತಿ, ಮನಸ್ಸಿನ ಚುರುಕು ಎಲ್ಲಕ್ಕೂ ಈ ಹಾರ್ಮೋನು ಬೇಕು. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಕೆಂಡಾಲ್ ಇದನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು 1914ರ ಕ್ರಿಸ್ಮಸ್ ದಿನದಂದು. ಇಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಸಣ್ಣ ಬಿಳಿ ಮಾತ್ರೆಯಲ್ಲಿರುವುದು ಇದೇ ಹಾರ್ಮೋನು. ಅದರ ಹೆಸರು ಲಿವೊಥೈರಾಕ್ಸಿನ್.

ಥೈರಾಯ್ಡ್ ಕ್ಯಾನ್ಸರ್ ಬಂದಾಗ ಅನೇಕರಿಗೆ ಗ್ರಂಥಿಯನ್ನು ಪೂರ್ತಿ ತೆಗೆಯಬೇಕಾಗುತ್ತದೆ. ಕಣ್ಣಿಗೆ ಕಾಣದ ಕೆಲವು ಕಣಗಳು ಕತ್ತಿನಲ್ಲೋ ಬೇರೆಡೆಯೋ ಉಳಿದಿರಬಹುದು. ಅವನ್ನು ಹುಡುಕಲು, ಬೇಕಾದರೆ ನಾಶಮಾಡಲು ಅಯೋಡಿನ್-131 ಎಂಬ ವಿಕಿರಣಶೀಲ ಅಯೋಡಿನ್ ಕೊಡುತ್ತಾರೆ. ಥೈರಾಯ್ಡಿನ ಕಣ ಎಲ್ಲಿದ್ದರೂ ಅಯೋಡಿನ್ನನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಆಗ ಗಾಮಾ ಕ್ಯಾಮೆರಾದಲ್ಲಿ ಆ ಜಾಗ ಕಾಣಿಸುತ್ತದೆ. ರೇಡಿಯೋ ಅಯೋಡಿನ್ನನ್ನು ಥೈರಾಯ್ಡ್ ಚಿಕಿತ್ಸೆಗೆ ಬಳಸಲು ಆರಂಭಿಸಿದ್ದು 1941ರಲ್ಲಿ. ನಮ್ಮ ದೇಶದಲ್ಲಿ 1963ರಲ್ಲಿ ಮುಂಬಯಿಯಲ್ಲಿ ವಿಕಿರಣ ವೈದ್ಯಕೀಯ ಕೇಂದ್ರ ಸ್ಥಾಪನೆಯಾಯಿತು.

ಆದರೆ ಉಳಿದ ಕಣಗಳು ಅಯೋಡಿನ್ನಿಗೆ ಹಸಿದಿರಬೇಕು. ಅವನ್ನು ಎಬ್ಬಿಸಿ ಹಸಿವು ಹುಟ್ಟಿಸುವ ಆಜ್ಞೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಆ ಆಜ್ಞೆಯ ಹೆಸರು ಟಿಎಸ್‌ಎಚ್. ದಿನವೂ ಮಾತ್ರೆ ನುಂಗುತ್ತಿದ್ದರೆ ರಕ್ತದಲ್ಲಿ ಹಾರ್ಮೋನು ಸಾಕಷ್ಟಿರುವುದರಿಂದ ಟಿಎಸ್‌ಎಚ್ ಏಳುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಏಳುತ್ತದೆ. ರಕ್ತದಲ್ಲಿ ಲಿವೊಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಹೀಗಾಗಿ ಒಂದೆರಡು ದಿನ ಬಿಟ್ಟರೆ ಸಾಲದು, ಸಾಮಾನ್ಯವಾಗಿ 3ರಿಂದ 4 ವಾರ ಬಿಡಬೇಕಾಗುತ್ತದೆ. ಟಿಎಸ್‌ಎಚ್ 30 ದಾಟಿದೆಯೇ ಎಂದು ರಕ್ತಪರೀಕ್ಷೆಯಲ್ಲಿ ನೋಡಿ ಮುಂದುವರಿಯುತ್ತಾರೆ.

ಯಾವ ಸ್ಕ್ಯಾನ್ ಎಂದು ಮೊದಲು ಕೇಳಿ

"ಸ್ಕ್ಯಾನ್ ಇದೆ, ಥೈರಾಯ್ಡ್ ಗುಳಿಗೆ ಬಿಡಬೇಕಂತೆ" ಎಂಬ ಮಾತು ಬಾಯಿಂದ ಬಾಯಿಗೆ ಹೋಗುವಾಗ ಅನೇಕರು ದಾರಿ ತಪ್ಪುತ್ತಾರೆ. ಎಲ್ಲ ಸ್ಕ್ಯಾನ್‌ಗಳಿಗೂ ಮಾತ್ರೆ ನಿಲ್ಲಿಸಬೇಕಾಗಿಲ್ಲ. ಕತ್ತಿನ ಅಲ್ಟ್ರಾಸೌಂಡ್‌ಗೆ ನಿಲ್ಲಿಸಬೇಕಾಗಿಲ್ಲ. ಎಂಆರ್‌ಐಗೆ ಬೇಡ. ಹೊಟ್ಟೆ ಅಥವಾ ಎದೆಯ ಸಿಟಿ ಸ್ಕ್ಯಾನ್‌ಗೂ ಇದಕ್ಕಾಗಿ ಮಾತ್ರೆ ಬಿಡುವುದಿಲ್ಲ. ಗರ್ಭಿಣಿಯ ಸ್ಕ್ಯಾನ್‌ಗಂತೂ ಖಂಡಿತ ಬಿಡಬಾರದು. ಗರ್ಭದಲ್ಲಿರುವ ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡ್ ಹಾರ್ಮೋನು ಬೇಕೇ ಬೇಕು.

ಮಾತ್ರೆ ನಿಲ್ಲಿಸುವ ಪ್ರಶ್ನೆ ಬರುವುದು ಮುಖ್ಯವಾಗಿ ರೇಡಿಯೋ ಅಯೋಡಿನ್ ಬಳಸುವ ಸ್ಕ್ಯಾನ್ ಮತ್ತು ಚಿಕಿತ್ಸೆಯಲ್ಲಿ. ಥೈರಾಯ್ಡ್ ಗ್ರಂಥಿಯನ್ನೇ ನೋಡುವ ಇತರ ನ್ಯೂಕ್ಲಿಯರ್ ಸ್ಕ್ಯಾನ್‌ಗಳಿಗೂ ಕೆಲವೊಮ್ಮೆ ಔಷಧ ಬಿಡಲು ಹೇಳುತ್ತಾರೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವವರು ನುಂಗುವ ಕಾರ್ಬಿಮಜೋಲ್ ಬೇರೆಯೇ ಔಷಧ. ಅದನ್ನು ಬಿಡುವ ಅವಧಿ ಕೆಲವು ದಿನ ಮಾತ್ರ. ಆದ್ದರಿಂದ ಪಕ್ಕದ ಮನೆಯವರಿಗೆ ಹೇಳಿದ ಲೆಕ್ಕ ನಮಗೆ ಹೊಂದುವುದಿಲ್ಲ.

ವೈದ್ಯರನ್ನು ಇನ್ನೂ ಎರಡು ಪ್ರಶ್ನೆ ಕೇಳಬಹುದು. ಮೊದಲನೆಯದು, "ಈ ಸ್ಕ್ಯಾನ್ ನನಗೆ ಬೇಕೇ?" ಅಪಾಯ ಕಡಿಮೆಯಿರುವ ಅನೇಕರಿಗೆ ಇಂದು ಕತ್ತಿನ ಅಲ್ಟ್ರಾಸೌಂಡ್ ಮತ್ತು ಥೈರೋಗ್ಲೋಬ್ಯುಲಿನ್ ಎಂಬ ರಕ್ತಪರೀಕ್ಷೆಯಲ್ಲೇ ನಿಗಾ ಮುಂದುವರಿಯುತ್ತದೆ. ಎರಡನೆಯದು, "ಮಾತ್ರೆ ನಿಲ್ಲಿಸದೆ ಮಾಡುವ ದಾರಿ ಇದೆಯೇ?" ಟಿಎಸ್‌ಎಚ್ಚನ್ನೇ ಚುಚ್ಚುಮದ್ದಾಗಿ ಎರಡು ದಿನ ಸತತವಾಗಿ ಕೊಡುವ ವಿಧಾನಕ್ಕೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ದೊರೆಯಿತು. ಅದು ದುಬಾರಿ, ಎಲ್ಲ ಕಡೆ ಸಿಗುವುದಿಲ್ಲ. ಆದರೂ ಹೃದ್ರೋಗವಿರುವವರು, ತೀರಾ ವಯಸ್ಸಾದವರು, ಖಿನ್ನತೆಗೆ ಚಿಕಿತ್ಸೆ ಪಡೆದವರು ಇದನ್ನು ಕೇಳಿ ನೋಡುವುದು ಒಳ್ಳೆಯದು. ಕೇಳಿದರೆ ವೈದ್ಯರು ಸಿಟ್ಟಾಗುವರೆಂಬ ಸಂಕೋಚ ಬೇಡ.

ಎರಡು ದಿನಾಂಕ, ಒಂದು ಚೀಟಿ

ನಮ್ಮ ದೃಷ್ಟಿಯಲ್ಲಿ ಈ ಇಡೀ ವಿಷಯದ ಸಾರ ಇದು: ಮಾತ್ರೆ ನಿಲ್ಲಿಸುವ ದಿನಾಂಕದ ಜೊತೆಗೆ ಮತ್ತೆ ಆರಂಭಿಸುವ ದಿನಾಂಕವನ್ನೂ ಬರೆಸಿಕೊಳ್ಳದೆ ಆಸ್ಪತ್ರೆಯಿಂದ ಹೊರಗೆ ಬರಬಾರದು.

ಸಾಮಾನ್ಯವಾಗಿ ಅಯೋಡಿನ್ ನುಂಗಿದ ಎರಡು ಮೂರು ದಿನಗಳಲ್ಲೇ ಮಾತ್ರೆ ಮತ್ತೆ ಶುರುವಾಗುತ್ತದೆ. ಆದರೆ ಸ್ಕ್ಯಾನ್ ಮುಂದಕ್ಕೆ ಹೋದರೆ? ಯಂತ್ರ ಕೆಟ್ಟರೆ? ಔಷಧದ ಸರಬರಾಜು ತಡವಾದರೆ? ಆಗ ಮಾತ್ರೆಯಿಲ್ಲದ ದಿನಗಳು ಸುಮ್ಮನೆ ಬೆಳೆಯುತ್ತವೆ. "ಅವರು ಹೇಳಲಿಲ್ಲ, ನಾವು ಕೇಳಲಿಲ್ಲ" ಎಂದು ತಿಂಗಳುಗಟ್ಟಲೆ ಮಾತ್ರೆಯಿಲ್ಲದೆ ಉಳಿಯುವುದು ಅಪಾಯಕಾರಿ. ಗ್ರಂಥಿ ತೆಗೆದವರಿಗೆ ಈ ಮಾತ್ರೆ ಜೀವನಪೂರ್ತಿ ಬೇಕು. ಸ್ಕ್ಯಾನ್ ಮುಂದೂಡಿದ ದಿನವೇ ಫೋನ್ ಮಾಡಿ, "ಈಗ ಮಾತ್ರೆಯ ಗತಿಯೇನು?" ಎಂದು ಕೇಳಬೇಕು.

ಚೀಟಿಯಲ್ಲಿ ಇಷ್ಟು ಇರಲಿ: ಯಾವ ಮಾತ್ರೆ ನಿಲ್ಲಬೇಕು, ಯಾವುದು ನಿಲ್ಲಬಾರದು, ರಕ್ತಪರೀಕ್ಷೆ ಯಾವತ್ತು, ಸ್ಕ್ಯಾನ್ ಯಾವತ್ತು, ಮಾತ್ರೆ ಮತ್ತೆ ಯಾವತ್ತು, ತೊಂದರೆಯಾದರೆ ಯಾರಿಗೆ ಫೋನ್. ಚೀಟಿಯನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿ. ರೋಗಿಯ ನೆನಪು ಆ ವಾರಗಳಲ್ಲಿ ಮಂದವಾಗುವುದರಿಂದ ಮನೆಯ ಇನ್ನೊಬ್ಬರಿಗೂ ಅದು ಗೊತ್ತಿರಬೇಕು.

"ಯಾವುದು ನಿಲ್ಲಬಾರದು" ಎಂಬುದು ಬಹಳ ಮುಖ್ಯ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದ ಅನೇಕರಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆಗಳೂ ಇರುತ್ತವೆ. "ಗುಳಿಗೆ ಬಿಡಿ" ಎಂದಾಗ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಟ್ಟಿ ಕೈಕಾಲು ಸೆಟೆದುಕೊಳ್ಳಬಹುದು. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ಮಾತ್ರೆಗಳೂ ಹಾಗೆಯೇ, ವೈದ್ಯರು ಹೇಳದೆ ನಿಲ್ಲಿಸಬಾರದು.

ವಾರದಿಂದ ವಾರಕ್ಕೆ

ಮೊದಲ ವಾರ ಏನೂ ಗೊತ್ತಾಗುವುದಿಲ್ಲ. ರಕ್ತದಲ್ಲಿ ಹಳೆಯ ಹಾರ್ಮೋನು ಇನ್ನೂ ಇರುತ್ತದೆ. "ನನಗೇನೂ ಆಗಲಿಲ್ಲ" ಎಂಬ ಧೈರ್ಯವೂ ಬರುತ್ತದೆ. ಈ ವಾರದಲ್ಲೇ ಮುಂದಿನ ತಯಾರಿ ಮಾಡಿಕೊಳ್ಳುವುದು ಜಾಣತನ.

ಎರಡನೆಯ ವಾರ ದಣಿವು ತೋರುತ್ತದೆ. ನಿದ್ದೆ ಹೆಚ್ಚು, ಚಳಿ ಹೆಚ್ಚು. ಮೂರು ಮತ್ತು ನಾಲ್ಕನೆಯ ವಾರ ಕಷ್ಟದ್ದು. ಮುಖ, ಕಣ್ಣುರೆಪ್ಪೆ ಊದಿಕೊಳ್ಳುತ್ತವೆ. ಧ್ವನಿ ಗಡುಸಾಗುತ್ತದೆ. ಮಲಬದ್ಧತೆ, ಸ್ನಾಯುಗಳ ಸೆಳೆತ, ಒಣಚರ್ಮ, ತೂಕ ಹೆಚ್ಚಳ ಕಾಣುತ್ತವೆ. ಹೇಳಬೇಕೆಂದ ಪದ ನಾಲಿಗೆಗೆ ಬರುವುದಿಲ್ಲ. ಕಾರಣವಿಲ್ಲದೆ ಅಳು, ನಿರಾಸೆ. ಇವೆಲ್ಲ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ, ಆದರೆ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಮಾತ್ರೆ ಮತ್ತೆ ಶುರುವಾದ ಮರುದಿನವೇ ಎಲ್ಲ ಸರಿಹೋಗುವುದೂ ಇಲ್ಲ. ಇಳಿಯಲು ವಾರಗಳು ಹಿಡಿದಂತೆ ಏರಲೂ ವಾರಗಳು ಹಿಡಿಯುತ್ತವೆ. ಟಿಎಸ್‌ಎಚ್ ನೆಲೆಗೆ ಬರಲು ಸುಮಾರು 6 ವಾರ ಬೇಕು. ಇದನ್ನು ತಿಳಿಯದೆ "ಗುಳಿಗೆ ತಗೊಂಡರೂ ಆರಾಮಿಲ್ಲ" ಎಂದು ಕುಗ್ಗುವವರು, ಎರಡೆರಡು ಮಾತ್ರೆ ನುಂಗುವವರು ಇದ್ದಾರೆ. ಬಿಟ್ಟ ಮಾತ್ರೆಗಳನ್ನು ಸೇರಿಸಿ ನುಂಗುವುದು ಹೃದಯಕ್ಕೆ ಅಪಾಯ. ಹೇಳಿದಷ್ಟನ್ನೇ ಹೇಳಿದ ಹೊತ್ತಿಗೆ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬಾರದು: ಎದೆನೋವು, ಉಸಿರಾಟದ ತೊಂದರೆ, ಎಬ್ಬಿಸಿದರೂ ಏಳದಷ್ಟು ಮಂಪರು, ಗೊಂದಲದ ಮಾತು, ಬದುಕುವುದೇ ಬೇಡವೆಂಬ ಮಾತು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆ ನಿಲ್ಲಿಸಿರುವ ವಿಷಯವನ್ನು ಅಲ್ಲಿ ಮೊದಲು ತಿಳಿಸಿರಿ. ಈ ದಿನಗಳಲ್ಲಿ ನಿದ್ದೆಗುಳಿಗೆ, ಕೆಮ್ಮಿನ ಔಷಧ, ನೋವಿನ ಮಾತ್ರೆಗಳನ್ನು ಕೇಳದೆ ನುಂಗಬಾರದು. ದೇಹ ನಿಧಾನವಾಗಿರುವಾಗ ಮಂಪರು ತರುವ ಔಷಧಗಳು ಹೆಚ್ಚು ತಾಗುತ್ತವೆ.

ಊಟದ ತಟ್ಟೆ: ಉಪ್ಪು ಇರಲಿ, ಅಯೋಡಿನ್ ಬೇಡ

ಸ್ಕ್ಯಾನ್‌ಗೆ ಒಂದೆರಡು ವಾರ ಮುಂಚೆ ಅಯೋಡಿನ್ ಕಡಿಮೆಯಿರುವ ಊಟ ಮಾಡಲು ಹೇಳುತ್ತಾರೆ. ಆಹಾರದಿಂದಲೇ ಅಯೋಡಿನ್ ತುಂಬಿಕೊಂಡರೆ ಔಷಧದ ಅಯೋಡಿನ್ನಿಗೆ ಜಾಗ ಉಳಿಯುವುದಿಲ್ಲ. ದಿನಕ್ಕೆ 50 ಮೈಕ್ರೋಗ್ರಾಂ ಮೀರಬಾರದೆಂಬುದು ಸಾಮಾನ್ಯ ಲೆಕ್ಕ.

ನಮ್ಮ ದೇಶದಲ್ಲಿ ಗಳಗಂಡ ರೋಗವನ್ನು ತಡೆಯಲು 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 2006ರ ಮೇ 17ರಿಂದ ಊಟಕ್ಕೆ ಬಳಸುವ ಉಪ್ಪೆಲ್ಲ ಅಯೋಡಿನ್ ಸೇರಿದ್ದೇ ಆಗಿರಬೇಕೆಂಬ ನಿಯಮ ಜಾರಿಗೆ ಬಂತು. ಇದು ಕೋಟ್ಯಂತರ ಮಕ್ಕಳಿಗೆ ಒಳಿತು ಮಾಡಿದ ಕ್ರಮ. ಆದರೆ ಈ ಎರಡು ವಾರ ನಮ್ಮ ರೋಗಿಗೆ ಅದೇ ಅಡ್ಡಿ. ಅಂಗಡಿಯ ಉಪ್ಪಿನಲ್ಲಿ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ಒಂದು ಚಮಚ ಎಂದರೆ 5 ಗ್ರಾಂ ಉಪ್ಪಿನಲ್ಲೇ 75 ಮೈಕ್ರೋಗ್ರಾಂ ಆಯಿತು. ದಿನದ ಮಿತಿ ಉಪ್ಪಿನಲ್ಲೇ ದಾಟಿಹೋಯಿತು.

ಹಾಗೆಂದು ಉಪ್ಪನ್ನೇ ಬಿಡುವುದು ದೊಡ್ಡ ತಪ್ಪು. ಅಯೋಡಿನ್ ಕಡಿಮೆ ಎಂದರೆ ಉಪ್ಪು ಕಡಿಮೆ ಎಂದಲ್ಲ. ಥೈರಾಯ್ಡ್ ಹಾರ್ಮೋನು ಇಳಿದಿರುವಾಗ ಉಪ್ಪನ್ನೂ ಬಿಟ್ಟರೆ, ವಿಶೇಷವಾಗಿ ವಯಸ್ಸಾದವರಲ್ಲಿ, ರಕ್ತದ ಸೋಡಿಯಂ ಕುಸಿದು ವಾಂತಿ, ಗೊಂದಲ, ಪ್ರಜ್ಞೆ ತಪ್ಪುವುದು ಆಗಬಹುದು. ಅಯೋಡಿನ್ ಸೇರಿಸದ ಉಪ್ಪು ಯಾವುದು, ಎಲ್ಲಿ ಸಿಗುತ್ತದೆ ಎಂದು ಆಸ್ಪತ್ರೆಯವರನ್ನೇ ಕೇಳಿ. ಸೈಂಧವ ಲವಣದ ಪೊಟ್ಟಣವೂ ಕೆಲವೊಮ್ಮೆ ಅಯೋಡಿನ್ ಸೇರಿಸಿದ್ದಾಗಿರುವುದರಿಂದ ಚೀಟಿ ಓದಿ ಕೊಳ್ಳಿ. ದನಗಳಿಗೆ ಹಾಕುವ ಅಥವಾ ಕಾರ್ಖಾನೆಯ ಉಪ್ಪನ್ನು ಅಡಿಗೆಗೆ ತರಬೇಡಿ.

ಇನ್ನು ತಟ್ಟೆಗೆ ಬರೋಣ. ಬಾಗಲಕೋಟೆ ಕಡೆಯವರಿಗೆ ಇಲ್ಲೊಂದು ಅನುಕೂಲವಿದೆ. ಬಿಸಿನೀರಿನಲ್ಲಿ ನಾದಿ ತಟ್ಟಿದ ಜೋಳದ ರೊಟ್ಟಿಗೆ ಉಪ್ಪೇ ಬೇಕಾಗಿಲ್ಲ. ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳು, ಮಡಕಿಕಾಳು, ತೊಗರಿಬೇಳೆ, ಶೇಂಗಾ ಹಿಂಡಿ, ಹಸಿ ತರಕಾರಿ, ಹಣ್ಣು, ಅನ್ನ ಇವೆಲ್ಲವನ್ನೂ ಮನೆಯಲ್ಲೇ ಆ ಬೇರೆ ಉಪ್ಪಿನಿಂದ ಮಾಡಿಕೊಂಡರೆ ಹೊಟ್ಟೆತುಂಬ ಉಣ್ಣಬಹುದು. ಕಷ್ಟವಾಗುವುದು ಮೊಸರು, ಮಜ್ಜಿಗೆಯಿಲ್ಲದ ಊಟ. ಹಾಲು, ಮೊಸರು, ಬೆಣ್ಣೆ, ಪೇಡೆ, ಮೊಟ್ಟೆಯ ಹಳದಿ ಭಾಗ, ಸೋಯಾ, ಬೇಕರಿ ತಿಂಡಿ, ಹೋಟೆಲ್ ಊಟ, ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಚುರುಮುರಿ ಮಸಾಲೆ ಇವನ್ನು ದೂರವಿಡಬೇಕು. ನೋಡಲು ಬಂದವರು ಅಮೀನಗಡದ ಕರದಂಟು ತಂದರೆ ಬೇಸರಪಡಿಸಬೇಕಾಗಿಲ್ಲ, ಸ್ಕ್ಯಾನ್ ಮುಗಿದ ಮೇಲೆ ತಿನ್ನಲು ಎತ್ತಿಟ್ಟರಾಯಿತು.

ಕರಾವಳಿಯ ನಮಗೆ ಪರೀಕ್ಷೆ ಇನ್ನೂ ಕಠಿಣ. ಬಂಗುಡೆ, ಭೂತಾಯಿ, ಸಿಗಡಿ, ಒಣಮೀನು ಎಲ್ಲವೂ ಎರಡು ವಾರ ಬೇಡ. ಸಮುದ್ರದಿಂದ ಬಂದ ಆಹಾರದಲ್ಲಿ ಅಯೋಡಿನ್ ಹೆಚ್ಚು. ತಪಸ್ಸುಕಾಲದ ಶುಕ್ರವಾರ ಮಾಂಸದ ಬದಲು ಮೀನು ತಿನ್ನುವ ನಮ್ಮ ರೂಢಿಯೂ ಈ ರೋಗಿಗೆ ಸಲ್ಲದು.

ಗಾಯಕ್ಕೆ ಹಚ್ಚುವ ಕಂದುಬಣ್ಣದ ಅಯೋಡಿನ್ ದ್ರವ, ಕೆಲವು ವಿಟಮಿನ್ ಮಾತ್ರೆಗಳು ಸಹ ಅಡ್ಡಿ ಮಾಡುತ್ತವೆ. ಕಳೆದ ಎರಡು ಮೂರು ತಿಂಗಳಲ್ಲಿ ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಅಥವಾ ಹೃದಯದ ಆಂಜಿಯೋಗ್ರಾಂ ಆಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಆ ಇಂಜೆಕ್ಷನ್ನಿನಲ್ಲಿ ಬಹಳಷ್ಟು ಅಯೋಡಿನ್ ಇರುತ್ತದೆ. ಹೇಳದಿದ್ದರೆ ವಾರಗಟ್ಟಲೆ ಪಟ್ಟ ಪಾಡು ವ್ಯರ್ಥವಾದೀತು.

ದುಡಿಮೆ ಮತ್ತು ಪ್ರಯಾಣ

ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕಣ್ಣು, ಕೈ, ಗಮನ ಮೂರೂ ಒಟ್ಟಿಗೆ ನಡೆಯಬೇಕಾದ ಕೆಲಸವದು. ಹುನಗುಂದ, ಇಳಕಲ್ ಕಡೆಯ ಗ್ರಾನೈಟ್ ಕೆಲಸದಲ್ಲಿ ಯಂತ್ರದ ಮುಂದೆ ಒಂದು ಕ್ಷಣ ಮೈಮರೆತರೂ ಅನಾಹುತ. ಮೂರು, ನಾಲ್ಕನೆಯ ವಾರದಲ್ಲಿ ಇಂಥ ಕೆಲಸದಿಂದ ದೂರವಿರುವುದು ಒಳ್ಳೆಯದು. ಬೈಕ್, ಕಾರು, ಟ್ರ್ಯಾಕ್ಟರ್ ಓಡಿಸುವುದು ಬೇಡ. ಬಿಸಿನೀರಿನ ಹಂಡೆ, ಸ್ಟವ್ ಬಳಿಯೂ ಎಚ್ಚರ. ಚಳಿ ಎಂದು ಬೆಂಕಿಗೆ ತೀರಾ ಹತ್ತಿರ ಕುಳಿತುಕೊಳ್ಳಬಾರದು.

ಬಡ ಮನೆಗೆ ಇಲ್ಲಿಯೇ ನಿಜವಾದ ಪೆಟ್ಟು. ತಿಂಗಳ ಕೂಲಿ ಹೋಗುತ್ತದೆ. ಆದ್ದರಿಂದ ದಿನಾಂಕ ನಿಗದಿ ಮಾಡುವಾಗಲೇ ವೈದ್ಯರಿಗೆ ಮನೆಯ ಪರಿಸ್ಥಿತಿ ತಿಳಿಸಿ. ಸುಗ್ಗಿ, ಮದುವೆ, ಮಕ್ಕಳ ಪರೀಕ್ಷೆ, ಬಾದಾಮಿಯ ಬನಶಂಕರಿ ಜಾತ್ರೆಯ ವ್ಯಾಪಾರದ ದಿನಗಳನ್ನು ಬಿಟ್ಟು ದಿನ ಗೊತ್ತುಮಾಡಲು ಆಗುತ್ತದೆಯೇ ಎಂದು ಕೇಳಬಹುದು. ಬಿಪಿಎಲ್ ಕಾರ್ಡ್ ಇರುವವರು ಸರಕಾರದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಚಿಕಿತ್ಸೆಗೆ ನೆರವಿದೆಯೇ, ಯಾವ ಆಸ್ಪತ್ರೆಯ ಶಿಫಾರಸು ಪತ್ರ ಬೇಕು ಎಂದು ಮುಂಚೆಯೇ ವಿಚಾರಿಸಿರಿ. ಮೂರನೆಯ ವಾರದಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುವ ಶಕ್ತಿ ರೋಗಿಗೆ ಇರುವುದಿಲ್ಲ.

ರೇಡಿಯೋ ಅಯೋಡಿನ್‌ಗೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಹೀಗಾಗಿ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಪ್ರಯಾಣ ತಪ್ಪುವುದಿಲ್ಲ. ಬಾಗಲಕೋಟೆ, ಬಾದಾಮಿಯವರಿಗೆ ಗದಗದ ಮೂಲಕ ಹುಬ್ಬಳ್ಳಿಗೆ ರೈಲಿದೆ. ಆದರೆ ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ. ಹುನಗುಂದ, ಇಳಕಲ್‌ನವರಿಗೆ ಬಸ್ಸೇ ಗತಿ. ದಣಿದ ರೋಗಿಯನ್ನು ಒಬ್ಬರನ್ನೇ ಕಳಿಸಬೇಡಿ. ಟಿಎಸ್‌ಎಚ್ ರಕ್ತಪರೀಕ್ಷೆಯನ್ನು ಹತ್ತಿರದ ಪಟ್ಟಣದಲ್ಲೇ ಮಾಡಿಸಿ ವರದಿಯನ್ನು ಫೋನಿನಲ್ಲಿ ಕಳಿಸಬಹುದೇ ಎಂದು ಕೇಳಿದರೆ ಒಂದು ಓಡಾಟ ಉಳಿದೀತು.

ಪೂಜೆ, ಉಪವಾಸ, ಪರಮಪ್ರಸಾದ

ಭಕ್ತಾದಿಗಳಿಂದ ಬರುವ ಕೆಲವು ಪ್ರಶ್ನೆಗಳಿಗೆ ಧರ್ಮಸಭೆಯ ಕಾನೂನಿನಲ್ಲೇ ಸ್ಪಷ್ಟ ಉತ್ತರವಿದೆ. ಬೆಳಿಗ್ಗೆ ಮಾತ್ರೆ ನುಂಗಿದರೆ ಪರಮಪ್ರಸಾದದ ಉಪವಾಸ ಮುರಿಯುತ್ತದೆಯೇ? ಇಲ್ಲ. ಧರ್ಮಸಭೆಯ ಕಾನೂನಿನ 919ನೇ ವಿಧಿಯ ಪ್ರಕಾರ ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸಕ್ಕೆ ನೀರು ಮತ್ತು ಔಷಧ ಒಳಪಡುವುದಿಲ್ಲ. ರೋಗಿಗಳು, ವೃದ್ಧರು, ಅವರ ಆರೈಕೆ ಮಾಡುವವರು ಆ ಗಂಟೆಯೊಳಗೆ ಊಟ ಮಾಡಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಪೂಜೆಗಾಗಿ ಯಾರೂ ಥೈರಾಯ್ಡ್ ಮಾತ್ರೆಯನ್ನು ತಪ್ಪಿಸಬಾರದು.

ಅಯೋಡಿನ್ ಕಡಿಮೆಯ ಪಥ್ಯದಲ್ಲಿರುವವರು ಪರಮಪ್ರಸಾದ ಸ್ವೀಕರಿಸಬಹುದೇ? ಧಾರಾಳವಾಗಿ. ಓಸ್ತಿಯನ್ನು ಗೋಧಿಹಿಟ್ಟು ಮತ್ತು ನೀರಿನಿಂದ ಮಾತ್ರ ಮಾಡುತ್ತಾರೆ, ಅದರಲ್ಲಿ ಉಪ್ಪಿಲ್ಲ. ಮಾತ್ರೆ ಬಿಟ್ಟ ವಾರಗಳು ತಪಸ್ಸುಕಾಲದಲ್ಲಿ ಬಂದರೆ ಉಪವಾಸ ಮಾಡಬೇಕೇ? ರೋಗಿಗೆ ಉಪವಾಸದ ಕಡ್ಡಾಯವಿಲ್ಲ. ಭಾನುವಾರ ಪೂಜೆಗೆ ಬರಲಾಗದಷ್ಟು ನಿತ್ರಾಣವಾದರೆ ಅದು ಪಾಪವಲ್ಲ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದಿದ್ದರೆ ವಿಶ್ವಾಸ ಕುಂದಿತೆಂದು ಹೆದರಬೇಕಾಗಿಲ್ಲ. ಜಪಸರದ ಒಂದೇ ಮಣಿ ಹಿಡಿದು ಕುಳಿತರೂ ಅದು ಪ್ರಾರ್ಥನೆಯೇ.

ಸ್ಕ್ಯಾನ್ ಮತ್ತು ಆನಂತರದ ದಿನಗಳು

ಸ್ಕ್ಯಾನ್‌ಗೆ ನೋವಿಲ್ಲ. ಅಯೋಡಿನ್ನನ್ನು ಗುಳಿಗೆ ಅಥವಾ ದ್ರವರೂಪದಲ್ಲಿ ನುಂಗಿಸಿ, ಎರಡು ಮೂರು ದಿನಗಳ ಮೇಲೆ ಕ್ಯಾಮೆರಾದ ಕೆಳಗೆ ಅಲುಗಾಡದೆ ಮಲಗಿಸುತ್ತಾರೆ. ಹೆಂಗಸರಿಗೆ ಮುಂಚೆ ಗರ್ಭಪರೀಕ್ಷೆ ಮಾಡುತ್ತಾರೆ, ಇದರಲ್ಲಿ ಅವಮಾನ ಏನೂ ಇಲ್ಲ. ಗರ್ಭಿಣಿಗೆ ರೇಡಿಯೋ ಅಯೋಡಿನ್ ಕೊಡುವಂತಿಲ್ಲ. ಎದೆಹಾಲು ಕುಡಿಸುವವರು ಬಹಳ ಮುಂಚೆಯೇ ತಿಳಿಸಬೇಕು.

ಸ್ಕ್ಯಾನ್‌ನ ಪ್ರಮಾಣ ಚಿಕ್ಕದು. ಚಿಕಿತ್ಸೆಯ ದೊಡ್ಡ ಪ್ರಮಾಣ ಕೊಟ್ಟರೆ ಕೆಲವು ದಿನ ಪ್ರತ್ಯೇಕ ಕೋಣೆಯಲ್ಲಿ ಇರಿಸುತ್ತಾರೆ. ಅಯೋಡಿನ್-131ರ ಶಕ್ತಿ ಸುಮಾರು 8 ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಹೆಚ್ಚಿನ ಪಾಲು ಮೂತ್ರ, ಬೆವರು, ಜೊಲ್ಲಿನ ಮೂಲಕ ಮೊದಲ ದಿನಗಳಲ್ಲೇ ಹೊರಹೋಗುತ್ತದೆ. ಮನೆಗೆ ಬಂದ ಮೇಲೆ ವೈದ್ಯರು ಹೇಳಿದಷ್ಟು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರವಿದ್ದು, ಬೇರೆ ಮಲಗಿ, ಬೇರೆ ತಟ್ಟೆ ಲೋಟ ಬಳಸಬೇಕು. ಆ ದಿನಗಳಲ್ಲಿ ಒಂದೇ ಪಾತ್ರೆಯಿಂದ ಹಲವರು ಕುಡಿಯುವುದು, ಎಲ್ಲರೂ ಮುತ್ತಿಡುವ ಶಿಲುಬೆಗೆ ಮುತ್ತಿಡುವುದು ಬೇಡ. ಪರಮಪ್ರಸಾದ ಕೊಡುವ ಸೇವಕರು ಮನೆಗೆ ಹೋಗುವ ಮೊದಲು ಫೋನ್ ಮಾಡಿ ಕೇಳಿದರೆ ಸಾಕು. ಚಿಕಿತ್ಸೆಯ ನಂತರ ಕನಿಷ್ಠ 6 ತಿಂಗಳು ಗರ್ಭ ಧರಿಸದಂತೆ ಸಾಮಾನ್ಯವಾಗಿ ಸೂಚಿಸುತ್ತಾರೆ.

ಹೇಳಿದ ದಿನಗಳು ಮುಗಿದ ಮೇಲೆ ದೂರವಿಡುವುದು ಅನ್ಯಾಯ. ಇದು ಅಂಟುರೋಗವಲ್ಲ. ಚೀಟಿಯಲ್ಲಿ ಬರೆದ ಕೊನೆಯ ದಿನಾಂಕ ಕಳೆದ ಮರುದಿನವೇ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಬಿಡಿ.

ಧರ್ಮಕೇಂದ್ರ ಏನು ಮಾಡಬಹುದು?

ಪ್ರತಿ ವರ್ಷ ಫೆಬ್ರವರಿ 11ರಂದು ವಿಶ್ವ ರೋಗಿಗಳ ದಿನ ಆಚರಿಸುತ್ತೇವೆ. ಸಂತ ದ್ವಿತೀಯ ಜಾನ್ ಪೌಲರು 1992ರಲ್ಲಿ ಸ್ಥಾಪಿಸಿದ ಈ ದಿನದಂದು ರೋಗಿಗಳನ್ನು ಚರ್ಚಿಗೆ ಕರೆತಂದು ಪೂಜೆ, ತಿಂಡಿ, ಒಂದು ಕಾಣಿಕೆ ಕೊಡುತ್ತೇವೆ. ಅದು ಒಳ್ಳೆಯದೇ. ಆದರೆ ಈ ರೋಗಿಗೆ ಬೇಕಾದದ್ದು ಒಂದು ದಿನದ ಗೌರವವಲ್ಲ, ನಾಲ್ಕು ವಾರಗಳ ಜೊತೆ. ವಾಳೆಯ ಗುರಿಕಾರರು, ಸ್ತ್ರೀ ಸಂಘಟನೆ, ಯುವಜನರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಹಂಚಿಕೊಂಡರೆ ಇದು ಯಾರಿಗೂ ಭಾರವಲ್ಲ. ಒಬ್ಬರು ಆ ಬೇರೆ ಉಪ್ಪಿನಲ್ಲಿ ಮಾಡಿದ ಪಲ್ಯ ತಂದುಕೊಡಲಿ. ಒಬ್ಬರು ಮಕ್ಕಳನ್ನು ಶಾಲೆಗೆ ಬಿಡಲಿ. ಒಬ್ಬರು ಆಸ್ಪತ್ರೆಗೆ ಜೊತೆಯಾಗಲಿ. ಒಬ್ಬರು ಚೀಟಿಯ ದಿನಾಂಕ ನೋಡಿ, "ಅಕ್ಕಾ, ಇವತ್ತಿನಿಂದ ಗುಳಿಗೆ ಶುರು" ಎಂದು ಫೋನ್ ಮಾಡಲಿ. ಕೊನೆಯದು ಚಿಕ್ಕ ಕೆಲಸ, ಆದರೆ ಜೀವ ಉಳಿಸುವಂಥದ್ದು.

ರೋಗಿಯ ಒಪ್ಪಿಗೆಯಿಲ್ಲದೆ ಅವರ ಕಾಯಿಲೆಯನ್ನು ಪೂಜೆಯಲ್ಲಿ ಹೆಸರು ಹೇಳಿ ಸಾರುವುದು ಬೇಡ. ಭೇಟಿ ಚಿಕ್ಕದಿರಲಿ. "ಮಾತ್ರೆ ಬಿಟ್ಟು ಪ್ರಾರ್ಥನೆಯಲ್ಲೇ ಗುಣವಾಗು" ಎಂಬ ಉಪದೇಶವನ್ನು ಯಾರೂ ಕೊಡಬಾರದು. ಈ ಮಾತ್ರೆ ನಿಂತಿರುವುದು ಒಂದು ಪರೀಕ್ಷೆಗಾಗಿ, ಗೊತ್ತಾದ ದಿನಗಳಿಗೆ ಮಾತ್ರ.

ಪವಿತ್ರ ಗ್ರಂಥದಲ್ಲಿ ಪ್ರವಾದಿ ಎಲೀಯನ ಪ್ರಸಂಗ ನಮಗೆಲ್ಲ ಗೊತ್ತು. ದಣಿದು, ಸಾವೇ ಬರಲಿ ಎಂದು ಅವನು ಮರದ ಕೆಳಗೆ ಮಲಗಿಬಿಟ್ಟ. ದೇವದೂತ ಬಂದು ಗದರಲಿಲ್ಲ, ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು ತಂದಿಟ್ಟ. ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಉಣಿಸಿದ. ಪ್ರಯಾಣ ದೂರವಿದೆಯೆಂದು ಅವನಿಗೆ ಗೊತ್ತಿತ್ತು.

ಬಿಸಿಲಿನಲ್ಲಿ ಕೌದಿ ಹೊದ್ದು ಕುಳಿತವರನ್ನು ಕಂಡಾಗ ನಾವೂ ಹಾಗೆಯೇ ಮಾಡೋಣ. ಏಕೆ ಮಲಗಿದಿರಿ ಎಂದು ಕೇಳುವ ಮೊದಲು, ರೊಟ್ಟಿ ತಂದಿದ್ದೇವೆ ಎಂದು ಹೇಳೋಣ. ಆಮೇಲೆ ಗೋಡೆಯ ಕ್ಯಾಲೆಂಡರಿನ ಪಕ್ಕ ಚೀಟಿ ಇದೆಯೇ, ಅದರಲ್ಲಿ ಎರಡನೆಯ ದಿನಾಂಕ ಬರೆದಿದೆಯೇ ಎಂದು ಒಮ್ಮೆ ನೋಡೋಣ.